ಕ್ಯಾಂಟರಿಗೆ ಹಾಕಿದ ಔಷಧಿ

ರಾತ್ರಿ ಹನ್ನೊಂದರ ಮೇಲೆ ಕ್ಯಾಂಟರ್ ಬಂದು ಅಂಗಳದಲ್ಲಿ ನಿಂತಿತು. ದೇವರಾಜ್ ಇಂಜಿನ್ ಬಂದ್ ಮಾಡಿದ. ಬಂದ್ ಆದ ಮೇಲೂ ಅದು ಒಂದು ಸಲ ಗುಕ್ ಎಂದಿತು. ಗಂಟಲಲ್ಲಿ ಅಗುಳು ಸಿಕ್ಕವರು ಕೆಮ್ಮುತ್ತಾರಲ್ಲ, ಅಷ್ಟೇ ಸಣ್ಣ ಸದ್ದು. ಒಲೆಯ ಮುಂದೆ ಸಾರು ಬಿಸಿ ಮಾಡುತ್ತಿದ್ದ ಸೌಜನ್ಯಳ ಕೈಯಲ್ಲಿ ಸೌಟು ನಿಂತಿತು. ಅದೇ ಹೊತ್ತಿಗೆ ಪಡಸಾಲೆಯಲ್ಲಿ ಮಾವನ ಮಂಚ ಕಿರುಗುಟ್ಟಿತು. ಚನ್ನಪ್ಪನವರೂ ನಿದ್ದೆ ಮಾಡಿರಲಿಲ್ಲ. ಅವರಿಗೂ ಕೇಳಿಸಿತ್ತು.

ಬೆಳಗ್ಗೆ ಇಬ್ಬರೂ ಆ ಮಾತೆತ್ತಲಿಲ್ಲ. ಎತ್ತಿದವನು ಅವಳ ಗಂಡ ದೇವರಾಜ್. ಅಕ್ಕಿರೊಟ್ಟಿಗೆ ಉಚ್ಚೆಳ್ಳು ಚಟ್ನಿ ಹಚ್ಚಿಕೊಳ್ಳುತ್ತ, ತಲೆ ತಗ್ಗಿಸಿಕೊಂಡೇ ಹೇಳಿದ.

"ನೆನ್ನೆ ಪಟ್ಣದಲ್ಲಿ ಹೊಗೆ ಟೆಸ್ಟ್ ಮಾಡಿಸ್ದೆ. ಫೇಲು."

"ಆ ಮಿಷಿನ್ನೇ ಕೆಟ್ಟಿರ್ಬೇಕು ಕಣ್ಲಾ," ಎಂದರು ಚನ್ನಪ್ಪ.

"ನನ್ ಹಿಂದೆ ಬಂದ ಟ್ರ್ಯಾಕ್ಟರ್‌ನೋನು ಮೂಗು ಮುಚ್ಕಂಡ್ ಬಂದ ಕಣಪ್ಪ. ಅವನ ಮೂಗೂ ಕೆಟ್ಟಿತ್ತಾ?"

"ಎಣ್ಣೆ ಇನ್ನೊಂದೀಟು ಜಾಸ್ತಿ ಬುಡು. ಸರೋಯ್ತದೆ."

ಚನ್ನಪ್ಪ ಎಣ್ಣೆ ಎಂದರೆ ಹಳೆಯ ಸ್ಕೂಟರುಗಳಿಗೆ ಪೆಟ್ರೋಲಿನ ಜೊತೆ ಹಾಕುವ ಟೂಟಿ ಆಯಿಲು. ಹದಿನೇಳು ವರ್ಷದಿಂದ ಪ್ರತಿ ಅಮಾವಾಸ್ಯೆ ಕ್ಯಾಂಟರಿಗೆ ಪೂಜೆ ಮಾಡಿ, ನಿಂಬೆಹಣ್ಣು ತುಳಿಸಿ, ಡೀಸೆಲ್ ಟ್ಯಾಂಕಿಗೆ ಒಂದು ಲೋಟ ಆ ಎಣ್ಣೆ ಬಿಡುವುದು ಅವರ ಪದ್ಧತಿ. ಗಾಡಿ ಅವರದು. ತೆಂಗಿನ ಸಿಪ್ಪೆ ಹೇರಿಕೊಂಡು ನಾರಿನ ಮಿಲ್ಲಿಗೆ, ಆಲೂಗೆಡ್ಡೆ ಕಾಲದಲ್ಲಿ ಅರಕಲಗೂಡಿನಿಂದ ಹಾಸನಕ್ಕೆ, ಹತ್ತು ವರ್ಷ ಅವರೇ ಓಡಿಸಿದವರು. ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೇರಿಂಗು ಮಗನಿಗೆ ಕೊಟ್ಟರು. ಟ್ಯಾಂಕಿನ ಬಾಯಿ ಮಾತ್ರ ಕೊಡಲಿಲ್ಲ.

"ಗಾಡಿ ಫಿಟ್ನೆಸ್ಸು, ಎಫ್‌ಸಿ, ಮುಗಿಯಕ್ಕೆ ಒಂದ್ ತಿಂಗ್ಳಿಲ್ಲ," ದೇವರಾಜ್ ರೊಟ್ಟಿ ಮುರಿದ. "ಹೊಗೆ ಸರ್ಟಿಫಿಕೇಟು ಇಲ್ದೆ ಹಾಸನದಾಗೆ ಎಫ್‌ಸಿ ಆಗಲ್ಲ. ಎಫ್‌ಸಿ ಇಲ್ದೆ ಮಿಲ್ಲಿನೋರು ಗೇಟಿನೊಳಕ್ಕೇ ಬುಡಲ್ಲ. ಗುಜರಿ ಬೋರಪ್ಪನ್ನ ಕೇಳಿವ್ನಿ. ತೂಕದ ಲೆಕ್ಕದಾಗೆ ತಗತೀನಿ ಅಂದ."

"ತೂಕದ ಲೆಕ್ಕ!" ಚನ್ನಪ್ಪನವರ ಕೈ ತಟ್ಟೆಯಿಂದ ಎದ್ದಿತು. "ನನ್ನೂ ಕರ್ಕಂಡೋಗಿ ತಕ್ಕಡೀಲಿ ಕೂರ್ಸು ಓಗು."

"ಆಮೇಲೆ ನೀನೇನ್ ಮಾಡ್ತೀಯಲಾ?" ಅತ್ತೆ ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಕೇಳಿದರು.

"ಹಾಸನದ ಒಬ್ರದ್ದು ಕಂಟೇನರ್ ಲಾರಿ ಐತೆ. ಮುಂಬಯಿ ಲೈನು. ಒಂದ್ನೇ ತಾರೀಖಿಂದ ಬಾ ಅಂದವ್ರೆ."

"ಮನೆಗೆ?"

"ತಿಂಗ್ಳಿಗೊಂದ್ ಸತಿ ಬತ್ತೀನಿ ಕಣವ್ವ. ಎಲ್ರೂ ಓಗಲ್ವಾ?"

ಸೌಜನ್ಯ ಎರಡನೇ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದಳು. ಅದರ ಒಂದು ಮಗ್ಗುಲು ಸೀದಿತ್ತು. ಹೊಳೆನರಸೀಪುರದ ಅವಳ ತಂದೆಯೂ ಲೈನ್ ಲಾರಿಯವರೇ. ತಿಂಗಳಿಗೊಂದು ಸಲ ಬಂದಾಗ ಅವಳ ತಂಗಿ ಅವರನ್ನು ಕಂಡು ಯಾರೋ ಗಂಡಸು ಬಂದರೆಂದು ಅಳುತ್ತ ಓಡಿ ಮಂಚದ ಕೆಳಗೆ ಸೇರುತ್ತಿದ್ದಳು. ಅಪ್ಪ ಒಂದು ದಿನವೆಲ್ಲ ಮಂಚದ ಮುಂದೆ ಬಿಸ್ಕತ್ತು ಹಿಡಿದು ಕೂತಿರುತ್ತಿದ್ದರು. ತಂಗಿ ಹೊರಗೆ ಬರುವ ಹೊತ್ತಿಗೆ ಲಾರಿ ಹೊರಡುವ ಹೊತ್ತಾಗುತ್ತಿತ್ತು. ಇಲ್ಲಿ ಆರನೇ ಕ್ಲಾಸಿನ ಮಗಳು ಸ್ಪಂದನಾ ಅಪ್ಪನ ಪಕ್ಕ ಕೂತು, ಅವನ ತಟ್ಟೆಯ ಚಟ್ನಿಗೇ ತನ್ನ ರೊಟ್ಟಿ ಅದ್ದುತ್ತಿದ್ದಳು.

"ರೀ, ಒಂದು ವಾರ ತಡೀರಿ," ಎಂದಳು ಸೌಜನ್ಯ. "ಡೀಸೆಲ್‌ಗೆ ಹಾಕೋ ಕ್ಲೀನರ್ ಅಂತ ಒಂದು ಬರುತ್ತೆ. ಒಳಗೆ ಕಟ್ಟಿಕೊಂಡಿರೋ ಮಸಿ ಕರಗಿಸಿ ತೆಗೆಯುತ್ತಂತೆ. ನೋಡೋಣ."

"ಟಾನಿಕ್ಕಾ?" ಅತ್ತೆ ನಕ್ಕರು. "ಈ ಹಟ್ಟೀಲಿ ಮನುಸ್ರು ಕೆಮ್ಮುದ್ರೆ ಮೆಣಸಿನ ಕಷಾಯ. ಲಾರಿ ಕೆಮ್ಮುದ್ರೆ ಬಾಟ್ಲಿ ಟಾನಿಕ್ಕು!"

"ನಾನ್ ಬದುಕಿರೋ ಗಂಟ ಆ ಟ್ಯಾಂಕಿಗೆ ಕಂಡಿದ್ದು ಕಾಣ್ದಿದ್ದು ಬೀಳಂಗಿಲ್ಲ," ಎಂದು ಚನ್ನಪ್ಪ ಎದ್ದು ಹೋದರು. ತೊಳೆದ ಕೈಯನ್ನು ಟವಲಿಗೆ ಒರೆಸಲೂ ಇಲ್ಲ.

ಸೌಜನ್ಯ ಬಿಎಸ್ಸಿ ಓದಿದವಳು. ಊರಿನ ಹಾಲಿನ ಡೇರಿಯಲ್ಲಿ ಎರಡು ಹೊತ್ತೂ ಹಾಲು ಪರೀಕ್ಷೆ ಮಾಡುವುದು ಅವಳ ಕೆಲಸ. ಯಾರ ಕ್ಯಾನಿಗೆ ಎಷ್ಟು ನೀರು ಬಿದ್ದಿದೆ ಎಂಬುದು ಅವಳಿಗೆ ಗೊತ್ತು. ಅದನ್ನು ಯಾರ ಮುಂದೆ ಎಷ್ಟು ಹೇಳಬೇಕು ಎಂಬುದೂ ಗೊತ್ತು. ಆ ವಾರ ಅವಳು ಚನ್ನರಾಯಪಟ್ಟಣಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಹಿಂದಿರುವ ದೇವಯ್ಯನವರ ಬಿಡಿಭಾಗದ ಅಂಗಡಿಯಲ್ಲಿ ಒಂದು ಬಾಟಲಿ ತಂದಳು. ದೇವಯ್ಯ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟು, "ಚನ್ನಪ್ಪನೋರ ಸೊಸೆ ಅಲ್ವಾ? ಅವ್ರು ಒಪ್ಪಿದ್ರಾ?" ಎಂದು ಕೇಳಿದ್ದರು.

"ಒಪ್ಪುತ್ತಾರೆ," ಎಂದು ಅವಳು ಹೇಳಿ ಬಂದಿದ್ದಳು.

ಒಪ್ಪಿಸುವಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ. ಭಾನುವಾರ ಚನ್ನಪ್ಪ ಬಚ್ಚಲಿಗೆ ಹೋದದ್ದು ನೋಡಿಕೊಂಡು ಗಂಡ ಹೆಂಡತಿ ಕ್ಯಾಂಟರಿನ ಪಕ್ಕಕ್ಕೆ ಹೋದರು.

"ಎಷ್ಟು ಹಾಕ್ಬೇಕು?" ದೇವರಾಜ್ ಪಿಸುಗುಟ್ಟಿದ.

"ಒಂದು ಟ್ಯಾಂಕಿಗೆ ಒಂದು ಬಾಟ್ಲಿ ಅಂದರು."

ಒಳಗಿನಿಂದ ಚೊಂಬಿನ ಸದ್ದು ನಿಂತಿತು. ದೇವರಾಜ್ ಗಾಬರಿಯಲ್ಲಿ ಬಾಟಲಿಯನ್ನು ಟ್ಯಾಂಕಿಗೆ ಬೋರಲು ಹಾಕಿದ. ಗಳಗಳ ಎಂದು ಕೊನೆಯ ಹನಿಯವರೆಗೆ ಹೋಯಿತು. ಮುಚ್ಚಳ ತಿರುಗಿಸಿ, ಖಾಲಿ ಬಾಟಲಿಯನ್ನು ಹಸುವಿನ ಬೂಸಾ ಚೀಲದ ಹಿಂದೆ ತುರುಕಿ, ಇಬ್ಬರೂ ಏನೂ ಅರಿಯದವರ ಹಾಗೆ ಒಳಗೆ ಬಂದು ಕಾಫಿ ಕುಡಿದರು. ಮದುವೆಯಾದ ಹೊಸದರಲ್ಲಿ ಕದ್ದು ಬಾಗೂರಿನ ಟೆಂಟ್ ಸಿನಿಮಾಕ್ಕೆ ಹೋಗಿ ಬಂದ ದಿನವೂ ಹೀಗೇ ಕೂತಿದ್ದೆವು ಎಂದು ಸೌಜನ್ಯಳಿಗೆ ನೆನಪಾಗಿ ನಗು ಬಂತು.

ನಗು ಮಂಗಳವಾರದವರೆಗೆ ಉಳಿಯಿತು. ಮಂಗಳವಾರ ಬೆಳಗ್ಗೆ ಡೇರಿಯಿಂದ ಬರುವಷ್ಟರಲ್ಲಿ ಮನೆಯಲ್ಲಿ ಫೋನು ಕೂಗುತ್ತಿತ್ತು.

"ಗಾಡಿ ನಿಂತೋಗದೆ ಕಣೇ," ದೇವರಾಜನ ದನಿ ಗಾಳಿಯಲ್ಲಿ ಹರಿದು ಬರುತ್ತಿತ್ತು. "ಅರಕಲಗೂಡಿಂದ ಗೆಡ್ಡೆ ಲೋಡಾಗದೆ. ಗೊರೂರು ದಾಟಿ ಏರು ಹತ್ತೋ ಅಷ್ಟ್ರಲ್ಲಿ ಉಸ್ರೇ ನಿಂತೋಯ್ತು. ಡೀಸೆಲ್ ಬತ್ತಿಲ್ಲ ಇಂಜಿನ್‌ಗೆ. ಅಪ್ಪಂಗೆ ಹೇಳು. ಫಿಲ್ಟರ್ ಬೇಕು, ಸ್ಪ್ಯಾನರ್ ಬೇಕು."

"ಬಾಟ್ಲಿದು..."

"ಅದ್ನೂ ಹೇಳು. ಇಲ್ದಿದ್ರೆ ಅಪ್ಪ ತಪ್ಪು ಜಾಗದಾಗೆ ಹುಡುಕ್ತದೆ."

ಅವಳು ಹೇಳಿದಳು. ಚನ್ನಪ್ಪ ಹಳೆಯ ಕೈಚೀಲಕ್ಕೆ ಸ್ಪ್ಯಾನರುಗಳನ್ನು ತುಂಬಿ, ಹೆಗಲ ಮೇಲೆ ಟವಲು ಹಾಕಿ ಹೊರಟರು. ಪೊರೆಯ ಕಣ್ಣಿನಲ್ಲಿ ಬಸ್ಸಿನ ಬೋರ್ಡು ಓದಲಾಗುವುದಿಲ್ಲ. ಡಾಕ್ಟರು ಒಬ್ಬರೇ ಹೋಗಬೇಡಿ ಎಂದಿದ್ದರು. ಅತ್ತೆ ಸೊಸೆಗೆ ಕಣ್ಣು ಮಾಡಿದರು. ಸೌಜನ್ಯ ಚಪ್ಪಲಿ ಮೆಟ್ಟಿ ಹಿಂದೆ ಹೋದಳು.

ಹಾಸನದ ಬಸ್ಸಿನಲ್ಲಿ ಚನ್ನಪ್ಪ ಮುಂದಿನ ಸೀಟಿನಲ್ಲಿ ಕೂತರು. ಅವಳು ಎರಡು ಸೀಟು ಹಿಂದೆ ಕೂತಳು. ಕಂಡಕ್ಟರು ಬಂದ.

"ಇಬ್ರೂ ಜೊತೇನಾ ಯಜಮಾನ್ರೆ?"

"ನಾನ್ ಒಬ್ನೆ."

"ಮತ್ತೆ ಆಯಮ್ಮ ನಿಮ್ ಜೊತೇಲಿ ಹತ್ತಿದ್ರಲ್ಲ?"

"ಅವ್ರಿಗೆ ಫ್ರೀ ಐತಲ್ಲ ಬುಡಿ. ಅವ್ರನ್ನೇ ಕೇಳಿ."

ಸೌಜನ್ಯ ಆಧಾರ್ ತೋರಿಸಿ ಬಿಟ್ಟಿ ಟಿಕೇಟು ತಗೊಂಡಳು. ಹಾಸನದಲ್ಲಿ ಫಿಲ್ಟರು ಕೊಂಡು, ಗೊರೂರಿನ ಬಸ್ಸಿಗೆ ಕಾಯುವಾಗ ಚನ್ನಪ್ಪ ಎರಡು ಬನ್ನು ತಂದರು. ಒಂದನ್ನು ತಿಂದರು. ಇನ್ನೊಂದನ್ನು ಕಲ್ಲುಬೆಂಚಿನ ಮೇಲೆ, ತಮಗೂ ಅವಳಿಗೂ ನಡುವೆ ಇಟ್ಟು ಆ ಕಡೆ ತಿರುಗಿ ಕೂತರು. ಅವಳು ತಿಂದಳು. ತಿಂದದ್ದನ್ನು ಅವರು ನೋಡಲಿಲ್ಲ. ಖಾಲಿ ಪೇಪರನ್ನು ಮಾತ್ರ ಎತ್ತಿ ಕಸದ ಡಬ್ಬಿಗೆ ಹಾಕಿದರು.

ಕ್ಯಾಂಟರ್ ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ ನಿಂತಿತ್ತು. ದೇವರಾಜ್ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬಾನೆಟ್ಟು ಎತ್ತಿಕೊಂಡು ಕೂತಿದ್ದ. ಬೆಂಗಳೂರಿನ ಕಾರುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದವು. ಅವರಿಗೆಲ್ಲ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚಿಗೆ ದಾರಿ ಬೇಕು.

"ಬೆಳಿಗ್ಗೆಯಿಂದ ಹನ್ನೊಂದ್ ಜನಕ್ಕೆ ದಾರಿ ಹೇಳಿವ್ನಿ," ಎಂದ ದೇವರಾಜ್. "ನಂಗೆ ದಾರಿ ಹೇಳೋರು ಈಗ ಬಂದ್ರಿ."

ಚನ್ನಪ್ಪ ಕೈ ಬೆರಳುಗಳೇ ಕಣ್ಣು ಎನ್ನುವ ಹಾಗೆ ತಡವಿ ತಡವಿ ಹಳೆಯ ಫಿಲ್ಟರನ್ನು ಬಿಚ್ಚಿದರು. ಅದನ್ನು ರಸ್ತೆಯ ಅಂಚಿಗೆ ಬಗ್ಗಿಸಿದಾಗ ಡೀಸೆಲ್ ಬೀಳಲಿಲ್ಲ. ಬೆಲ್ಲದ ಕೊಪ್ಪರಿಗೆಯ ತಳದಲ್ಲಿ ಉಳಿಯುವಂಥ ಕಪ್ಪು ಮಡ್ಡಿ ಮೆತ್ತಗೆ ಜಾರಿತು. ಚನ್ನಪ್ಪ ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಇದೇನವ್ವ ಇದು," ಬೆಳಗಿನಿಂದ ಸೊಸೆಗೆ ಆಡಿದ ಮೊದಲನೇ ಮಾತು. "ಭೇದಿ ಮಾತ್ರೆ ಕೊಟ್ಬುಟ್ಟಿದ್ದೀಯಲ್ಲ ಗಾಡಿಗೆ!"

ದೇವರಾಜ್ ರೇಗಿದ. "ನಂಗೇ ಬುದ್ಧಿ ಇಲ್ಲ. ಇವಳ ಮಾತು ಕಟ್ಕಂಡು ಬಾಟ್ಲಿ ಬಗ್ಗುಸ್ದೆ. ಗೆಡ್ಡೆ ಮಂಡಿಯೋನು ಬೆಳಗಿಂದ ನಾಲ್ಕ್ ಸತಿ ಫೋನ್ ಮಾಡವ್ನೆ. ಸಾಕು, ಬೋರಪ್ಪಂಗೆ ಹೇಳ್ಬುಡ್ತೀನಿ."

ಸೌಜನ್ಯ ಪರ್ಸಿನಿಂದ ಬಾಟಲಿಯ ಜೊತೆ ಬಂದಿದ್ದ ಚೀಟಿ ತೆಗೆದಳು. ಬಸ್ಸಿನಲ್ಲಿ ಕೂತು ಅವಳು ಓದಿದ್ದು ಅದನ್ನೇ.

"ಒಂದು ಬಾಟ್ಲಿ ಐವತ್ತು ಲೀಟರಿಗೆ ಅಂತ ಇದೆ. ಒಂದು ಟ್ಯಾಂಕು ಅಂದರೆ ತುಂಬಿದ ಟ್ಯಾಂಕು. ಭಾನುವಾರ ನಮ್ಮ ಟ್ಯಾಂಕಲ್ಲಿ ಎಷ್ಟಿತ್ತು?"

ದೇವರಾಜ್ ಯೋಚಿಸಿದ. "ಎಂಟೋ ಹತ್ತೋ."

"ಯಾವತ್ತಾದರೂ ತುಂಬಿಸಿದ್ದೀವಾ?"

ಆ ಮನೆಯಲ್ಲಿ ಗಾಡಿಗೆ ಡೀಸೆಲ್ ಹಾಕಿಸುವ ಕ್ರಮವೇ ಬೇರೆ. ಆಯಾ ದಿನದ ಬಾಡಿಗೆ ಬಂದ ಮೇಲೆ ಆಯಾ ದಿನಕ್ಕೆ ಬೇಕಾದಷ್ಟು. ಗಾಡಿ ಬಂದ ವರ್ಷದಿಂದ ಟ್ಯಾಂಕಿನ ಮುಳ್ಳು ಕೆಳಗಿನ ಗೆರೆ ಬಿಟ್ಟು ಮೇಲೆ ಹೋದದ್ದಿಲ್ಲ. ಹಾಲಿನ ಹನಿಯನ್ನೂ ಅಳೆದು ನೋಡುವ ಸೌಜನ್ಯ, ಒಂದು ಟ್ಯಾಂಕು ಎಂಬ ಮಾತನ್ನು ಮನೆಯವರು ತಿಳಿಯುವ ಹಾಗೇ ತಿಳಿದಿದ್ದಳು. ಅಷ್ಟು ವರ್ಷದ ಮಡ್ಡಿಯೆಲ್ಲ ಖಾಲಿ ಟ್ಯಾಂಕಿನ ತಳದಲ್ಲಿತ್ತು. ಅದರ ಮೇಲೆ ಐದು ಪಾಲು ಔಷಧಿ ಬಿದ್ದಿತ್ತು.

"ಹಾಲಿಗೆ ನೀರ್ ಹಾಕುದ್ರೆ ಕಂಡುಹಿಡಿತೀಯ," ಚನ್ನಪ್ಪ ಹೊಸ ಫಿಲ್ಟರು ಕೂರಿಸಿ, ಡೀಸೆಲ್ ಮೇಲೆಳೆಯುವ ಕೈಪಂಪು ಒತ್ತುತ್ತಲೇ ಗೊಣಗಿದರು. "ಇದ್ಕೆ ಎಷ್ಟ್ ಹಾಕ್ಬೇಕು ಅಂತ ಗೊತ್ತಾಗ್ನಿಲ್ಲ."

"ಇಲ್ಲ ಮಾವ. ಗೊತ್ತಾಗಲಿಲ್ಲ."

ಅವರು ಪಂಪು ಒತ್ತುವುದನ್ನು ಅರೆಗಳಿಗೆ ನಿಲ್ಲಿಸಿದರು. ಬೇರೆ ಏನನ್ನೋ ನಿರೀಕ್ಷಿಸಿದ್ದವರ ಹಾಗೆ. ಆಮೇಲೆ ಮತ್ತೆ ಒತ್ತತೊಡಗಿದರು. ಗಾಳಿಯ ಗುಳ್ಳೆಗಳು ಹೋಗಿ ಡೀಸೆಲ್ ಸಣ್ಣಗೆ ಜಿನುಗಿತು. ಗಾಡಿ ಕಪ್ಪು ಹೊಗೆ ಉಗುಳಿ ಹೊರಟಿತು. ದೇವರಾಜ್ ಮಂಡಿಗೆ ಹೋದ. ಮಾವ ಸೊಸೆ ಮತ್ತೆ ಬಸ್ಸಿನಲ್ಲಿ, ಮತ್ತೆ ಎರಡು ಸೀಟು ಅಂತರದಲ್ಲಿ.

ಆಮೇಲಿನ ಕೆಲವು ದಿನ ಮನೆಯಲ್ಲಿ ತಟ್ಟೆಗಳ ಸದ್ದೇ ಹೆಚ್ಚು. ಚನ್ನಪ್ಪ ಸೊಸೆಯ ಕೈಯಿಂದ ಕಾಫಿ ತಗೊಳ್ಳಲಿಲ್ಲ. ಅವಳು ಲೋಟ ತಂದಿಟ್ಟರೆ "ಸ್ಪಂದೂ, ನಿಮ್ಮಜ್ಜೀನ ಕಾಫಿ ಕೇಳು" ಎನ್ನುವರು. ಅಜ್ಜಿ ಒಳಗಿನಿಂದ, "ಅಲ್ಲೇ ಮುಂದ್ಗಡೆ ಐತಲ್ಲ, ಕುಡ್ಕಳಕ್ಕೆ ಏನ್ ರೋಗ?" ಎನ್ನುವರು. ಕಾಫಿ ಆರುವುದು. ಆರಿದ ಮೇಲೆ ಯಾರೂ ನೋಡದಾಗ ಲೋಟ ಖಾಲಿಯಾಗುವುದು.

"ಇನ್ನು ಈ ಮನೇಲಿ ಬಾಟ್ಲಿ ಮಾತು ಬೇಡ," ಎಂದಿದ್ದ ದೇವರಾಜ್. ಅವಳು ಎತ್ತಲಿಲ್ಲ. ಸರಿಯಾದ ಅಳತೆಯಲ್ಲಿ ಇನ್ನೊಂದು ಸಲ ಹಾಕಿದರೆ ಆಗುತ್ತದೆ ಎಂದು ಒಳಗೊಳಗೇ ಅನ್ನಿಸುತ್ತಿತ್ತು. ಆದರೆ ಹೇಳುವ ಬಾಯಿ ಉಳಿದಿರಲಿಲ್ಲ. ಅವನು ಕಂಟೇನರಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಅವನು ಅಟ್ಟದಿಂದ ದೊಡ್ಡ ಬ್ಯಾಗು ಇಳಿಸಿ ಬಿಸಿಲಿಗೆ ಹಾಕಿದ. ಸ್ಪಂದನಾ ಅದರೊಳಗೆ ಕೂತು ಜಿಪ್ ಎಳೆದುಕೊಂಡು, "ನಾನೂ ಮುಂಬಯಿಗೆ ಬರ್ತೀನಿ" ಎಂದಳು. ಯಾರೂ ನಗಲಿಲ್ಲ.

ಮಾರನೇ ಬೆಳಗ್ಗೆ ಡೇರಿಯಿಂದ ಬಂದಾಗ ಸೌಜನ್ಯ ಅಂಗಳದಲ್ಲಿ ಕಂಡದ್ದು ಬೇರೆಯೇ ದೃಶ್ಯ. ಕ್ಯಾಂಟರಿನ ಡೀಸೆಲ್ ಟ್ಯಾಂಕು ಕೆಳಗಿಳಿದು ಕಲ್ಲಿನ ಮೇಲೆ ಮಲಗಿತ್ತು. ಚನ್ನಪ್ಪ ಬನಿಯನ್ನಿನಲ್ಲಿ, ಮೊಳಕೈವರೆಗೆ ಕಪ್ಪಾಗಿ, ಹಳೆಯ ಗೋಣಿಚೂರನ್ನು ಕೋಲಿಗೆ ಸುತ್ತಿ ಒಳಗನ್ನು ತಿಕ್ಕುತ್ತಿದ್ದರು.

"ಯಾಕ್ಲಾ ನೋಡ್ತಾ ನಿಂತಿದ್ದೀಯ?" ಎಂದು ಅವರು ಮಗನಿಗೆ ಗದರಿದರು. "ಇನ್ನೊಂದೀಟು ಡೀಸೆಲ್ ಬುಡು. ಕುಲುಕು."

"ಗುಜರಿಗೆ ಓಗೋ ಗಾಡಿಗೆ ಯಾಕಪ್ಪ ಸ್ನಾನ?"

"ಸತ್ತ ಹೆಣಕ್ಕೇ ಸ್ನಾನ ಮಾಡುಸ್ತಾರೆ. ಇದಿನ್ನೂ ಉಸಿರಾಡ್ತದೆ. ಕುಲುಕ್ಲಾ!"

ನಾಲ್ಕನೇ ಸಲ ಕುಲುಕಿ ಚೆಲ್ಲಿದಾಗ ಡೀಸೆಲ್ ತಿಳಿಯಾಗಿ ಬಂತು. ಜಯಲಕ್ಷ್ಮಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದ ಜಿಡ್ಡು ನೋಡಿ ಒಂದು ಗಂಟೆ ಬೈದರು. ರಾತ್ರಿ ಮುದ್ದೆಗೆ ಬಸ್ಸಾರು ಬಡಿಸುತ್ತ ಇನ್ನರ್ಧ ಗಂಟೆ ಬೈದರು. ಚನ್ನಪ್ಪ ಎಲ್ಲವನ್ನೂ ಕೇಳಿಸಿಕೊಂಡು ಮುದ್ದೆ ನುಂಗಿ, ಕೊನೆಗೆ ಹೇಳಿದರು.

"ನಾಳೀಕೆ ಟ್ಯಾಂಕ್ ತುಂಬುಸ್ಬೇಕು."

"ತುಂಬ?" ದೇವರಾಜನ ಕೈಯ ತುತ್ತು ಸಾರಿಗೆ ಬಿತ್ತು.

"ಕತ್ತಿನ ಗಂಟ. ಕಾಯಿ ಮಾರಿದ್ದು ನನ್ ಹತ್ರ ಐತೆ. ಎಫ್‌ಸಿಗೆ ಓಗೋ ಗಾಡಿ ಹಸ್ಕಂಡ್ ಓಗ್ಬಾರ್ದು."

"ಎಫ್‌ಸಿಗೆ ಯಾರ್ ಓಯ್ತಾರಪ್ಪ? ಬೋರಪ್ಪ..."

"ಬೋರಪ್ಪಂಗೆ ನಾನ್ ಹೇಳಿವ್ನಿ. ಎಫ್‌ಸಿ ಫೇಲಾದ್ರೆ ಅವತ್ತೇ ಬಂದು ತಗೊಂಡೋಗು ಅಂತ. ಅಲ್ಲಿ ಗಂಟ ನನ್ ಗಾಡಿ."

ಪೆಟ್ರೋಲ್ ಬಂಕಿನ ಹುಡುಗರು ಕ್ಯಾಂಟರನ್ನು ಕಂಡು, "ಯಜಮಾನ್ರೆ, ಏನ್ ವಿಶೇಷ, ಮನೇಲಿ ಮದ್ವೇನಾ?" ಎಂದು ಕೇಳಿದರಂತೆ. ತುಂಬಿದ ಟ್ಯಾಂಕಿನ ಗಾಡಿ ಮನೆಗೆ ಬಂದಾಗ ಜಯಲಕ್ಷ್ಮಮ್ಮ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಬೈಗುಳದ ದಿನ ಬೈಗುಳ, ಪೂಜೆಯ ದಿನ ಪೂಜೆ. ಅವರ ಮನಸ್ಸಿನಲ್ಲಿ ಎರಡೂ ಬೇರೆ ಬೇರೆ ಡಬ್ಬಿ.

ಅಮಾವಾಸ್ಯೆಗೆ ಚನ್ನಪ್ಪ ಎಂದಿನಂತೆ ಟೂಟಿ ಆಯಿಲಿನ ಡಬ್ಬಿ ಹಿಡಿದು ಎಲ್ಲರ ಮುಂದೆ ಟ್ಯಾಂಕಿನ ಬಾಯಿ ತೆರೆದರು. ದೇವರಾಜ್ ಬೇಡವೆನ್ನಲಿಲ್ಲ. ಸೌಜನ್ಯ ಹಸುವಿಗೆ ಹುಲ್ಲು ಹಾಕುತ್ತ ನೋಡಿದಳು. ಅವರ ಕೈ ಮೊದಲಿನ ಹಾಗೆ ಸೊರ್ರನೆ ಸುರಿಯಲಿಲ್ಲ. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಸುರಿಯಿತು. ಮಂತ್ರ ಹೇಳುತ್ತಿದ್ದಾರೆ ಎಂದುಕೊಂಡಳು. ಪೂಜೆ ಮುಗಿದ ಮೇಲೆ ಎಫ್‌ಸಿಗೆಂದು ಇಂಜಿನ್ ಆಯಿಲನ್ನೂ ಫಿಲ್ಟರನ್ನೂ ಅವರೇ ಬದಲಾಯಿಸಿದರು.

ಗಾಡಿ ಒಂದೇ ದಿನಕ್ಕೆ ಸರಿಯಾಗಲಿಲ್ಲ. ಮೊದಲ ವಾರ ಹೊಗೆ ಹೆಚ್ಚೇ ಬಂತು. ಎರಡನೇ ವಾರ ದೇವರಾಜ್ ಊಟಕ್ಕೆ ಕೂತು, "ಏರಲ್ಲಿ ಎರಡ್ನೇ ಗೇರಿಗೆ ಇಳೀಲಿಲ್ಲ ಇವತ್ತು" ಎಂದ. ಇನ್ನೊಂದು ದಿನ, "ಡೀಸೆಲ್ ಕಮ್ಮಿ ಕುಡೀತೈತೆ ಅನ್ಸತ್ತೆ" ಎಂದ. ಬೆಳಗ್ಗೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಗಾಡಿ ಎದ್ದಾಗ ಅಂಗಳದ ಕೋಳಿಗಳು ಮೊದಲಿನಷ್ಟು ದೂರ ಓಡಲಿಲ್ಲ. ಸೌಜನ್ಯ ಒಂದೊಂದನ್ನೂ ಕೇಳಿಸಿಕೊಂಡು ಏನೂ ಹೇಳದೆ ಇದ್ದಳು. ಆಸೆಯನ್ನು ಬಾಯಿಂದ ಆಡಿದರೆ ಅದು ಹೆದರಿ ಓಡುತ್ತದೇನೋ ಎಂಬಂತೆ.

"ಟ್ಯಾಂಕು ತೊಳೆದಿದ್ದಕ್ಕೆ ಇರ್ಬೇಕು," ಎಂದ ದೇವರಾಜ್.

"ತೊಳೆದಿದ್ದು ಸರಿ. ಎಣ್ಣೆ ಬುಟ್ಟೋನು ಯಾರು?" ಎಂದರು ಚನ್ನಪ್ಪ.

ಎಫ್‌ಸಿಯ ದಿನ ಎಲ್ಲರೂ ಹೊರಟರು. ಕ್ಯಾಬಿನ್ನಿನಲ್ಲಿ ಜಾಗ ಸಾಲದೆ ಸ್ಪಂದನಾ ಅಜ್ಜಿಯ ತೊಡೆಯ ಮೇಲೆ. "ಇಷ್ಟ್ ದೊಡ್ ಕತ್ತೆ ಆಗಿದ್ದೀಯ, ನನ್ ಕಾಲು ಮುರೀತೀಯ" ಎನ್ನುತ್ತಲೇ ಅಜ್ಜಿ ಮೊಮ್ಮಗಳ ಸೊಂಟ ಬಿಗಿಯಾಗಿ ಹಿಡಿದಿದ್ದರು. ಹಾಸನದಲ್ಲಿ ಮೊದಲು ಹೊಗೆ ಪರೀಕ್ಷೆ. ಪರೀಕ್ಷೆಯವನು ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿ, "ಆಕ್ಸಿಲೇಟರ್ ಒತ್ತಿ" ಎಂದ. ದೇವರಾಜ್ ಒತ್ತಿದ. ಜಯಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡರು. ಸೌಜನ್ಯ ಪರದೆಯ ಮೇಲೆ ಏರುತ್ತಿದ್ದ ಅಂಕಿಯನ್ನೇ ನೋಡುತ್ತಿದ್ದಳು. ಹೋದ ತಿಂಗಳು ಅದು ಎಲ್ಲಿಗೆ ಹೋಗಿತ್ತೋ ಅದರ ಅರ್ಧಕ್ಕೇ ಬಂದು ನಿಂತಿತು.

"ಪಾಸು," ಎಂದು ಅವನು ಆಕಳಿಸುತ್ತ ಕಾಗದ ಹರಿದು ಕೊಟ್ಟ. ಅವನಿಗೆ ಅದು ಆ ದಿನದ ಎಷ್ಟನೆಯ ಗಾಡಿಯೋ.

ಸಂಜೆಯ ಹೊತ್ತಿಗೆ ಬ್ರೇಕು, ಲೈಟು, ಹಾರನ್ನು ಎಲ್ಲ ನೋಡಿ ಎಫ್‌ಸಿಯೂ ಆಯಿತು. ದೇವರಾಜ್ ಮರದ ಕೆಳಗೆ ಹೋಗಿ ಕಂಟೇನರಿನವರಿಗೆ ಫೋನು ಮಾಡಿದ. "ಇಲ್ಲ ಸಾ... ಆಗಲ್ಲ ಸಾ... ನಮ್ ಗಾಡೀನೇ ಐತೆ" ಎಂಬಷ್ಟು ಸೌಜನ್ಯಳಿಗೆ ಕೇಳಿಸಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹೋಟೆಲಿನಲ್ಲಿ ಮಸಾಲೆ ದೋಸೆ ಬಂದಾಗ ಅತ್ತೆ ತಮ್ಮ ತಟ್ಟೆಯ ಪಲ್ಯವನ್ನೆಲ್ಲ ಮಗನ ತಟ್ಟೆಗೆ ತಳ್ಳಿದರು.

"ಎಲ್ಲಾ ಅಪ್ಪನ ಕೈಗುಣ," ಎಂದ ದೇವರಾಜ್, ಹೊಟ್ಟೆ ತುಂಬಿದ ಸಂತೋಷದಲ್ಲಿ. "ನಿನ್ ಬಾಟ್ಲಿ ನಂಬ್ಕಂಡಿದ್ರೆ ಇಷ್ಟೊತ್ಗೆ ಬೋರಪ್ಪ ಚಾಸಿ ಕುಯ್ತಿದ್ದ."

ಸ್ಪಂದನಾ ಕೂಡ ನಕ್ಕಳು. ಸೌಜನ್ಯಳೂ ನಕ್ಕಳು. ಗಂಡ ಮನೆಯಲ್ಲಿ ಉಳಿಯುವುದಾದರೆ ಇಂಥ ಮಾತನ್ನು ದಿನಕ್ಕೆ ಹತ್ತು ಕೇಳಬಹುದು. ಚನ್ನಪ್ಪ ಮಾತ್ರ ಸಾಂಬಾರಿನ ಬಟ್ಟಲಲ್ಲಿ ಏನೋ ಹುಡುಕುತ್ತಿದ್ದರು. ಆಮೇಲೆ ಮಾಣಿಯನ್ನು ಕರೆದು, "ನಮ್ ಸೊಸೆಗೊಂದು ಕಾಫಿ ಕೊಡಪ್ಪ, ಸ್ಟ್ರಾಂಗು" ಎಂದರು.

ಮುಂದಿನ ವಾರ ಸ್ಪಂದನಾಳ ಶೂ ತರಲು ಚನ್ನರಾಯಪಟ್ಟಣಕ್ಕೆ ಹೋದ ಸೌಜನ್ಯ ದೇವಯ್ಯನವರ ಅಂಗಡಿಯ ಮುಂದೆ ಎರಡು ಸಲ ಹಾದು, ಮೂರನೇ ಸಲ ಒಳಗೆ ಹೋದಳು. ಗಾಡಿ ಈಗ ಚೆನ್ನಾಗಿದೆ. ಚೆನ್ನಾಗಿರುವಾಗಲೇ ಸರಿಯಾದ ಅಳತೆಯಲ್ಲಿ ಒಮ್ಮೆ ಹಾಕಿಬಿಟ್ಟರೆ ಮುಂದಿನ ವರ್ಷ ಮತ್ತೆ ಈ ಪಾಡು ಬೇಡ ಎಂದು ಅವಳ ಲೆಕ್ಕ. ಈ ಸಲ ದೇವರಾಜನಿಗೂ ಹೇಳುವುದು ಬೇಡ.

"ಆ ಡೀಸೆಲ್ ಕ್ಲೀನರ್ ಇನ್ನೊಂದು ಕೊಡಿ."

ದೇವಯ್ಯ ಅವಳ ಮುಖ ನೋಡಿದರು. "ಮತ್ತೊಂದಾ? ಬೇಡ ಕಣಮ್ಮ, ಜಾಸ್ತಿ ಆಯ್ತದೆ. ಇನ್ನೂ ಮೊನ್ನೆ ಮೊನ್ನೆ ಹಾಕವ್ರಲ್ಲ ನಿಮ್ ಮಾವ."

"ಮಾವನಾ?"

"ಇನ್ಯಾರು? ಟ್ಯಾಂಕ್ ತೊಳೆದ ದಿನ ಸಂಜೆ ಯಾರ್ದೋ ಬೈಕ್ ಹಿಂದೆ ಕೂತ್ಕಂಡ್ ಬಂದಿದ್ರು. ಒಂದ್ ಬಾಟ್ಲಿ ಡೀಸೆಲ್‌ಗೆ, ಒಂದು ಇಂಜಿನ್ ಆಯಿಲ್‌ಗೆ ಹಾಕೋದು, ಹೊಸಾ ಆಯಿಲು, ಮತ್ತೊಂದು ಫಿಲ್ಟ್ರು. ಚೀಟಿಯೆಲ್ಲ ನನ್ ಕೈಲಿ ಎರಡ್ ಸತಿ ಓದಿಸ್ಕಂಡ್ರು. ಇಂಜಿನ್ ಎಷ್ಟೊತ್ತು ಓಡಿಸ್ಬೇಕು, ಯಾವಾಗ ಆಯಿಲ್ ಇಳಿಸ್ಬೇಕು, ಎಲ್ಲ ಬಾಯಿಪಾಠ ಮಾಡ್ಕಂಡ್ರು. ಆಮೇಲೆ ಇಲ್ಲೇ ಕೂತು ಡೀಸೆಲ್ ಬಾಟ್ಲೀನ ಟೂಟಿ ಆಯಿಲ್ ಡಬ್ಬಿಗೆ ಬಗ್ಗುಸ್ಕಂಡ್ರು." ದೇವಯ್ಯ ನಗಲು ಹೋಗಿ, ಅವಳು ನಗದಿದ್ದುದನ್ನು ಕಂಡು ನಿಲ್ಲಿಸಿದರು. "ಅಯ್ಯೋ. ನಿಮ್ಗೆ ಗೊತ್ತಿಲ್ವಾ? ಹೇಳ್ಬೇಡ ಅಂದಿದ್ರು. ಬಾಯ್ತಪ್ಪಿ ಬಂದ್ಬುಡ್ತು."

ಸೌಜನ್ಯ ಗಲ್ಲಾಪೆಟ್ಟಿಗೆಯ ಅಂಚು ಹಿಡಿದು ನಿಂತಳು. "ಇನ್ನೇನಂದರು?"

"ನಾನೇ ತಮಾಷೆ ಮಾಡ್ದೆ. ಏನ್ ಯಜಮಾನ್ರೆ, ಸೊಸೆ ಬಾಟ್ಲಿಗೆ ಬಂದ್ರಲ್ಲ ಅಂದೆ. ಅವ್ರು ಅಂದ್ರು, ನಮ್ ಸೊಸೆ ಹೇಳಿದ್ದು ಸರೀನೇ ಕಣಯ್ಯ, ಟ್ಯಾಂಕ್ ತುಂಬುಸ್ದೇ ಇದ್ದೋನು ನಾನು. ನನ್ ತಪ್ಪನ್ನ ಅವಳ ತಲೆ ಮ್ಯಾಲೆ ಹಾಕ್ದೆ. ರಸ್ತೇಲಿ ಎಲ್ರ ಮುಂದೆ ಬೈದ್ರೂ ಗೊತ್ತಾಗ್ನಿಲ್ಲ ಮಾವ ಅಂತ ಒಪ್ಕಂಡ್ಳು. ನಂಗೆ ಆ ಬಾಯಿ ಬರಲ್ಲ." ದೇವಯ್ಯ ಒಂದು ನಟ್ಟನ್ನು ಎತ್ತಿ ಬೇರೆ ಡಬ್ಬಿಗೆ ಹಾಕಿದರು. "ನನ್ ಹಠಕ್ಕೆ ಮಗ ಊರ್ ಬುಟ್ಟು ಓಗ್ಬಾರ್ದು, ಮೊಮ್ಮಗಳು ಅಪ್ಪನ್ ಮುಖ ಫೋನಲ್ಲಿ ನೋಡಂಗಾಗ್ಬಾರ್ದು ಅಂದ್ರು. ಅಷ್ಟೇ ಕಣಮ್ಮ. ಟವಲಿಂದ ಕಣ್ಣು ಒರೆಸ್ಕಂಡ್ರು. ಪೊರೆ ಐತಲ್ಲ, ನೀರ್ ಬತ್ತದೆ ಅಂದ್ರು."

ಅವಳು ಶೂ ಚೀಲವನ್ನು ಮತ್ತೆ ಕೈಗೆತ್ತಿಕೊಂಡಳು.

"ದೇವಯ್ಯನೋರೆ, ನಾನು ಇವತ್ತು ಇಲ್ಲಿಗೆ ಬರಲೇ ಇಲ್ಲ."

ದೇವಯ್ಯ ತಲೆಯಾಡಿಸಿದರು. "ನಾನ್ ಯಾರನ್ನೂ ನೋಡ್ನಿಲ್ಲ ಬುಡಿ. ನಂಗೂ ಪೊರೆ ಬಂದದೆ."

ಮನೆಗೆ ಬರುವಷ್ಟರಲ್ಲಿ ಸಂಜೆಯ ಹಾಲಿನ ಹೊತ್ತಾಗಿತ್ತು. ಡೇರಿ ಮುಗಿಸಿ ಬಂದು ಅವಳು ಅವರೆಕಾಳು ಸಾರಿಗೆ ಒಗ್ಗರಣೆ ಕೊಟ್ಟಳು. ಪಡಸಾಲೆಯಲ್ಲಿ ಪಕ್ಕದ ಮನೆಯ ಕಮಲಾಕ್ಷಮ್ಮ ಕೂತಿದ್ದರು. ಅವರ ಮಗನ ಟೆಂಪೋ ಹೊಗೆ ಉಗುಳುತ್ತಿದೆಯಂತೆ.

"ಅದೇನ್ ಮಾಡಿದ್ರಿ ಅಣ್ಣ, ನಮ್ಗೂ ಹೇಳಿ."

"ಎಲ್ಲಾ ಹೇಳಕ್ಕಾಗಲ್ಲ ಕಣವ್ವ," ಚನ್ನಪ್ಪ ಮಂಚದ ಮೇಲೆ ನೆಟ್ಟಗೆ ಕೂತರು. "ಹಳೇ ಕೈ. ಒಂದ್ ಅಳತೆ ಅಂತ ಐತೆ. ಟ್ಯಾಂಕ್ ತುಂಬ್ಸು, ಆಮ್ಯಾಲೆ ಎಣ್ಣೆ ಬುಡು. ಅಳತೆ ತಪ್ಪಿದ್ರೆ ಕೆಡ್ತದೆ."

"ನಮ್ಮವಳು ಕೆಡ್ಸಿದ್ಲಲ್ಲ, ಅಂಗೆ," ಎಂದ ದೇವರಾಜ್ ಒಳಗೆ ತಟ್ಟೆ ತಗೊಳ್ಳುತ್ತ.

"ಬುಡ್ಲಾ," ಚನ್ನಪ್ಪನವರ ದನಿ ಒಮ್ಮೆಲೇ ಗಡುಸಾಯಿತು. "ಎಷ್ಟ್ ಸತಿ ಅದ್ನೇ ಹೇಳ್ತೀಯ? ಉಣ್ಣು."

ದೇವರಾಜ್ ಬೆರಗಾಗಿ ಅಪ್ಪನನ್ನೂ ಹೆಂಡತಿಯನ್ನೂ ನೋಡಿದ. "ಏನೇ, ಅಪ್ಪ ನಿನ್ ಪಾರ್ಟಿ ಸೇರ್ಬುಡ್ತಾ? ನೀ ಯಾಕೆ ನಗ್ತಾ ಇದ್ದೀಯ?"

ಸೌಜನ್ಯ ಗಂಡನ ಮುಖ ನೋಡಿದಳು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಗಾಡಿ ಕೆಡಿಸಿದವಳೆಂದು ತಿಂಗಳಿಂದ ತನ್ನ ಮೇಲಿದ್ದ ಹೆಸರು ಆ ಕ್ಷಣವೇ ಕಳಚಿ ಬೀಳುತ್ತಿತ್ತು. ಅತ್ತೆಯೂ ಇದ್ದರು, ಕಮಲಾಕ್ಷಮ್ಮನೂ ಇದ್ದರು. ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಹಾಗೆಯೇ ಮಂಚದ ಮೇಲಿನ ಆ ನೆಟ್ಟನೆಯ ಬೆನ್ನು ಬಾಗುವುದೂ ಅವಳ ಕಣ್ಣಿಗೆ ಕಂಡಿತು. ಹೇಳುವುದಿಲ್ಲ, ಎಂದುಕೊಂಡಳು. ಈಗಲೂ ಇಲ್ಲ, ಮುಂದೆ ಎಂದಾದರೂ ಗಂಡನ ಜೊತೆ ಜಗಳ ಬಂದಾಗಲೂ ಇಲ್ಲ, ಯಾರಿಗೂ ಇಲ್ಲ.

"ಏನಿಲ್ಲ. ಶೂ ಅಂಗಡಿಯಲ್ಲಿ ಒಬ್ಬರು ತಮಾಷೆ ಮಾಡಿದರು," ಎಂದು ಸೌಟು ಎತ್ತಿಕೊಂಡು ಪಡಸಾಲೆಗೆ ಬಂದಳು. "ಮಾವ, ಏಳಿ. ಸಾರು ಬಿಸಿ ಇರುವಾಗಲೇ ಉಂಡುಬಿಡಿ."